ಬ್ರೇಕ್‌ನಲ್ಲಿ ಸಿಗುವ ಅಕ್ಕ

ಸೀರಿಯಲ್ಲಿನ ಅತ್ತೆಯರು ಮಲಗುವಾಗಲೂ ಕಾಸಿನ ಸರ ತೆಗೆಯುವುದಿಲ್ಲ. ಈ ವಿಷಯದಲ್ಲಿ ನನಗೂ ಅಕ್ಕನಿಗೂ ಎಂದೂ ಜಗಳವಾಗಿಲ್ಲ. ರೇಷ್ಮೆ ಸೀರೆ ಉಟ್ಟು ಒಗ್ಗರಣೆ ಹಾಕುತ್ತಾರೆ, ಒಂದು ಸಾಸಿವೆ ಕಾಳೂ ಮೈಮೇಲೆ ಸಿಡಿಯುವುದಿಲ್ಲ. ಅದನ್ನೂ ಇಬ್ಬರೂ ಒಪ್ಪುತ್ತೇವೆ. ನಮಗೆ ಜಗಳವಿದ್ದದ್ದು ನಾಯಕಿಯರ ಬಗ್ಗೆ. ಅಕ್ಕನಿಗೆ ಅಳುವ ನಾಯಕಿ ಇಷ್ಟ. ನನಗೆ ಅಂಥವಳನ್ನು ಕಂಡರೆ ಟಿವಿಯೊಳಗೆ ಕೈ ಹಾಕಿ ಎರಡು ಬಿಡೋಣ ಅನ್ನಿಸುತ್ತದೆ. ಬಾಗಿಲ ಹಿಂದೆ ನಿಂತು ಅರ್ಧ ಮಾತು ಕೇಳಿಸಿಕೊಳ್ಳುತ್ತಾಳೆ, ಬಾಯಿಗೆ ಸೆರಗು ಹಿಡಿದು ಓಡಿಹೋಗುತ್ತಾಳೆ. ಇನ್ನರ್ಧ ಕೇಳಿಸಿಕೊಂಡು ಹೋಗಮ್ಮ ತಾಯಿ ಎಂದರೆ ಕೇಳುವುದಿಲ್ಲ. ಕೇಳಿಸಿಕೊಂಡರೆ ಕಥೆ ಅವತ್ತೇ ಮುಗಿಯುತ್ತದಲ್ಲ, ಅವರ ಹೊಟ್ಟೆಪಾಡೂ ನಡೆಯಬೇಕು.

ಅಕ್ಕ ಇರುವುದು ಊರಿಗಾಂನಲ್ಲಿ, ಚಿನ್ನದ ಗಣಿ ಕಾಲದ ಸಾಲು ಸಾಲು ಲೈನ್ ಮನೆಗಳೊಂದರಲ್ಲಿ. ನಾನು ಇರುವುದು ಬಂಗಾರಪೇಟೆಯಿಂದ ಒಂದು ಆಟೋ ದೂರದ ಹಳ್ಳಿಯಲ್ಲಿ, ಎರಡು ಹಸು ಮತ್ತು ಒಬ್ಬ ಅತ್ತೆಯ ಜೊತೆ. ಗಂಡನೂ ಇದ್ದಾರೆ, ಆದರೆ ಅವರು ಟಿವಿ ನೋಡುವುದಿಲ್ಲವಾದ್ದರಿಂದ ಈ ಕಥೆಯಲ್ಲಿ ಅವರಿಗೆ ಕೆಲಸವಿಲ್ಲ. ಭಾವ ಬೆಂಗಳೂರಿನಲ್ಲಿ ವಾಚ್‌ಮನ್. ಸಂಜೆ ರೈಲಿಗೆ ಹೋದರೆ ಬೆಳಿಗ್ಗೆ ಬರುತ್ತಾರೆ. ಅಕ್ಕನ ಮಗಳು ಮದುವೆಯಾಗಿ ಚಿತ್ತೂರು ಸೇರಿದ್ದಾಳೆ. ಹಾಗಾಗಿ ಏಳು ಗಂಟೆಗೆ ಅಕ್ಕನ ಮನೆಯಲ್ಲಿ ಅಕ್ಕ ಒಬ್ಬಳೇ, ಟಿವಿ ಒಂದೇ.

ಡೈರಿಗೆ ಹಾಲು ಹಾಕಿ ಬಂದು ನಾನು ಟಿವಿ ಹಾಕುವ ಹೊತ್ತಿಗೆ ಅಲ್ಲಿ ಅಕ್ಕನೂ ಹಾಕಿರುತ್ತಾಳೆ. ಬ್ರೇಕ್ ಬಂದ ತಕ್ಷಣ ನಾನು ಫೋನ್ ಮಾಡಬೇಕು. ಇದು ನಮ್ಮ ಪದ್ಧತಿ, ಯಾವಾಗ ಶುರುವಾಯಿತೋ ಇಬ್ಬರಿಗೂ ನೆನಪಿಲ್ಲ. ಹಲೋ ಇಲ್ಲ, ಊಟ ಆಯ್ತಾ ಇಲ್ಲ. "ನೋಡ್ದಾ ಅವ್ಳ ಕೊಬ್ಬು?" ಎಂದೇ ಶುರು. ಸೋಪು, ಪೇಂಟು, ಗರಂ ಮಸಾಲೆಯ ಜಾಹೀರಾತು ಮುಗಿಯುವವರೆಗೆ ಮಾತು. ಕಥೆ ಶುರುವಾದರೆ ಹೇಳದೆ ಕೇಳದೆ ಕಟ್ ಮಾಡುತ್ತೇವೆ. ನಮ್ಮ ಅಮ್ಮ ತೀರಿಹೋದ ವರ್ಷವೊಂದನ್ನು ಬಿಟ್ಟರೆ ಈ ಫೋನ್ ಎಂದೂ ತಪ್ಪಿದ್ದಿಲ್ಲ.

ಈ ಫೋನ್‌ನಲ್ಲಿ ನನ್ನ ಕೆಲಸ ಮುಂದಿನ ಕಥೆ ಹೇಳುವುದು. ಚಿಕ್ಕಂದಿನಿಂದ ನಾನು ಯಾವುದರಲ್ಲೂ ಅಕ್ಕನಿಗೆ ಸಮ ಬಂದವಳಲ್ಲ. ಅಕ್ಕ ತಿರುವಿದ ಮುದ್ದೆಯಲ್ಲಿ ಗಂಟಿರುವುದಿಲ್ಲ. ಅಕ್ಕ ಉಟ್ಟ ಸೀರೆಯ ನೆರಿಗೆ ಸಂಜೆಯವರೆಗೂ ಅಲ್ಲಾಡುವುದಿಲ್ಲ. ಮನೆಗೆ ಬಂದವರ ಎದುರಿಗೆಲ್ಲ ಅಮ್ಮ "ದೊಡ್ಡೋಳು ಕೆಲ್ಸಕ್ಕೆ, ಚಿಕ್ಕೋಳು ಬಾಯಿಗೆ" ಎನ್ನುತ್ತಿದ್ದಳು. ಬಂದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ, ಆಮೇಲೆ ಹಿತ್ತಲಿಗೆ ಹೋಗಿ ಅಕ್ಕನ ರಿಬ್ಬನ್ನು ಮಣ್ಣಿನಲ್ಲಿ ಹೂಳುತ್ತಿದ್ದೆ. ಆದರೆ ಸೀರಿಯಲ್ ವಿಷಯದಲ್ಲಿ ನಾನು ಮುಂದೆ. ನಾನು ಹೇಳಿದ್ದು ಆಗುತ್ತದೆ. ಗಾಲಿಕುರ್ಚಿಯ ತಾತನಿಗೆ ನಡೆಯಲು ಬರುತ್ತದೆ ಎಂದು ಮೊದಲ ವಾರದಲ್ಲೇ ಹೇಳಿದ್ದೆ, ಏಕೆಂದರೆ ಮುದುಕನ ಚಪ್ಪಲಿಯ ಹಿಮ್ಮಡಿ ಸವೆದಿತ್ತು. ಕೆಲಸದವಳೇ ನಿಜವಾದ ತಾಯಿ ಎಂದು ಹೇಳಿದ್ದೆ, ಏಕೆಂದರೆ ಕೆಲಸದವಳಿಗೆ ಅಷ್ಟು ಒಳ್ಳೆಯ ನಟಿಯನ್ನು ಯಾರೂ ಸುಮ್ಮನೆ ಹಾಕುವುದಿಲ್ಲ. ಸತ್ತ ಗಂಡ ಗಡ್ಡ ಬಿಟ್ಟುಕೊಂಡು ಬರುತ್ತಾನೆ ಎಂದಿದ್ದೆ, ಬಂದ.

ಪ್ರತಿ ಸಲವೂ ಅಕ್ಕ "ಅಯ್ಯೋ, ಔದಾ?" ಎನ್ನುತ್ತಿದ್ದಳು. ಆಮೇಲೆ ಹೇಳಿದ್ದು ಆದ ದಿನ, "ಅದೆಂಗೇ ಗೊತ್ತಾಯ್ತು ನಿಂಗೆ? ನನ್ ತಲೇಗೆ ಒಳೀಲೇ ಇಲ್ಲ ನೋಡು" ಎನ್ನುತ್ತಿದ್ದಳು. ಆ ಒಂದು ಮಾತಿಗೆ ನಾನು ಹಸುವಿಗೆ ಹುಲ್ಲು ಹಾಕುವುದನ್ನೂ ಮರೆತು ಕೂರುತ್ತಿದ್ದೆ. ಮುದ್ದೆಯ ಗಂಟು, ಸೀರೆಯ ನೆರಿಗೆ, ಎಲ್ಲವೂ ಅದರಲ್ಲಿ ವಜಾ ಆಗುತ್ತಿತ್ತು.

ಹೀಗಿರುವಾಗ ಅಕ್ಕನ ಪಕ್ಕದ ಮನೆಗೆ ಅವಳು ಬಂದಳು.

ನಂದಿದುರ್ಗ ಗಣಿಯ ಕಡೆಯವಳು, ತಮಿಳು ಮಾತು, ಗಂಡನಿಲ್ಲ, ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಇಷ್ಟನ್ನು ಅಕ್ಕ ಒಂದು ಬ್ರೇಕ್‌ನಲ್ಲಿ ಹೇಳಿದಳು. ಪಕ್ಕದ ಮನೆಗೆ ಯಾರು ಬಂದರೆ ನನಗೇನು ಎಂದುಕೊಂಡೆ. ಆದರೆ ಆಮೇಲಿನ ಬ್ರೇಕ್‌ಗಳಲ್ಲಿ ಅವಳು ನಮ್ಮ ನಡುವೆ ಕೂರತೊಡಗಿದಳು. "ಪಕ್ಕದ್ ಮನೆಯೋಳು ಇಂಗಂದ್ಳು", "ಪಕ್ಕದ್ ಮನೆಯೋಳು ಇವತ್ತು ಕಾರಕೊಳಂಬು ಮಾಡಿದ್ಳು", "ಪಕ್ಕದ್ ಮನೆಯೋಳು ನಂಗೊಂದು ರವಿಕೆ ಒಲ್ದು ಕೊಟ್ಳು ಕಣೆ, ಎಂಗೆ ಕೂತೈತೆ ಅಂತೀಯ." ಗರಂ ಮಸಾಲೆಯ ಜಾಹೀರಾತು ಮುಗಿದುಹೋಗುತ್ತಿತ್ತು, ನಾನು ಹೇಳಬೇಕೆಂದಿದ್ದ ಮುಂದಿನ ಕಥೆ ಗಂಟಲಲ್ಲೇ ಉಳಿಯುತ್ತಿತ್ತು. ಒಂದು ಸಂಜೆ ಅಕ್ಕನ ಫೋನಿನ ಆಚೆ ಯಾರೋ ನಗುವುದು ಕೇಳಿಸಿತು. ಯಾರು ಎಂದೆ. "ಅವ್ಳೇ, ಟಿವಿ ನೋಡಾಕೆ ಬಂದವ್ಳೆ" ಎಂದಳು. ಆವತ್ತಿನ ಸೀರಿಯಲ್ಲಿನ ಉಳಿದ ಭಾಗ ನನಗೆ ಒಂದಕ್ಷರವೂ ನೆನಪಿಲ್ಲ.

ಅದನ್ನಾದರೂ ಸಹಿಸಿಕೊಂಡೇನು. ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಕಾಮಿಡಿ ಪಿಕ್ಚರ್ ವಿಷಯಕ್ಕೆ.

ಕಾಮಿಡಿ ಪಿಕ್ಚರ್ ಎಂದರೆ ನನಗೆ ಪ್ರಾಣ. ಅದರಲ್ಲೂ ನನಗೆ ನನ್ನದೇ ಲೆಕ್ಕಾಚಾರಗಳಿವೆ. ಹೀರೋನ ಗೆಳೆಯ ಮಾತ್ರ ಏಟು ತಿಂದು ಹೀರೋ ಕೂದಲು ಸವರಿಕೊಳ್ಳುತ್ತ ನಿಂತರೆ ಅದು ಕಾಮಿಡಿಯಲ್ಲ, ಅನ್ಯಾಯ. ಮನೆಯಲ್ಲಿ ಎಲ್ಲರೂ ಸಮವಾಗಿ ಪೆದ್ದರಾಗಿರಬೇಕು, ಬುದ್ಧಿವಂತ ಎಂದುಕೊಂಡವನು ಇನ್ನೂ ಸ್ವಲ್ಪ ಜಾಸ್ತಿ ಪೆದ್ದನಾಗಿರಬೇಕು. ಸುಳ್ಳು ಒಂದೇ ಇರಬೇಕು, ಅದೂ ಚಿಕ್ಕದು. ಬಾಡಿಗೆ ಮನೆ ಸಿಗಲಿ ಎಂದು ಹೇಳಿದ ಚಿಕ್ಕ ಸುಳ್ಳು ಬೆಳೆದು ಬೆಳೆದು ಕೊನೆಗೆ ಮದುವೆ ಮಂಟಪದಲ್ಲಿ ಎಲ್ಲರೂ ಎಲ್ಲರನ್ನೂ ಅಟ್ಟಿಸಿಕೊಂಡು ಓಡಬೇಕು. ಈಗಿನವರು ನಗುವುದು ಎಲ್ಲಿ ಎಂದು ನಮಗೆ ತಿಳಿಯಲಿಕ್ಕಿಲ್ಲವೇನೋ ಎಂದು "ಟೊಂಯ್" ಎಂದು ಸದ್ದು ಹಾಕುತ್ತಾರೆ. ಆ ಸದ್ದು ಬಂದರೆ ನಾನು ನಗುವುದಿಲ್ಲ, ಬರುವ ನಗುವನ್ನೂ ತಡೆದುಕೊಳ್ಳುತ್ತೇನೆ.

ಅಕ್ಕನಿಗೆ ಈ ಯಾವುದೂ ಹತ್ತುತ್ತಿರಲಿಲ್ಲ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟು ಯಾರಾದರೂ ಬಿದ್ದರೆ ನಾನು ನೆಲ ಬಡಿದು ನಗುತ್ತಿದ್ದೆ, ಅಕ್ಕ "ಪಾಪ, ಸೊಂಟಕ್ಕೆ ಏಟಾಯ್ತೇನೋ" ಎನ್ನುತ್ತಿದ್ದಳು. ಅಮ್ಮನ ಮನೆಯ ಕಪ್ಪುಬಿಳುಪು ಟಿವಿಯ ಎದುರು ಎಷ್ಟು ಭಾನುವಾರ ಅವಳನ್ನು ನಗಿಸಲು ನೋಡಿದೆನೋ ಲೆಕ್ಕವಿಲ್ಲ. ಅವಳ ಪಕ್ಕೆಗೆ ತಿವಿದೂ ನೋಡಿದ್ದೇನೆ. ಅಕ್ಕ ನಗುವ ಜಾತಿಯವಳಲ್ಲ ಎಂದು ಕೊನೆಗೆ ಕೈ ಬಿಟ್ಟೆ.

ಅಂಥ ಅಕ್ಕ ಒಂದು ದಿನ ಬ್ರೇಕ್‌ನಲ್ಲಿ ತಮಿಳು ಪಿಕ್ಚರೊಂದರ ಕಾಮಿಡಿ ಹೇಳಲು ಶುರುಮಾಡಿದಳು. ಒಬ್ಬ ಹೋಟೆಲ್ ಸಪ್ಲೈಯರ್ ಅಂತೆ, ಗಿರಾಕಿ ಕೇಳಿದ್ದೆಲ್ಲ ಇಲ್ಲ ಅನ್ನುತ್ತಾನಂತೆ. ಹೇಳಲು ಹೋಗಿ ಅವಳಿಗೇ ನಗು ಬಂದು, ಉಸಿರು ಸಿಕ್ಕಿಕೊಂಡು, ಫೋನ್ ಪಕ್ಕದವಳ ಕೈಗೆ ಹೋಗಿ, ಅವಳೂ ನಕ್ಕು, ಕೊನೆಗೆ ಇಬ್ಬರೂ ಸೇರಿ ಕಟ್ ಮಾಡಿದರು. ನಾನು ಫೋನ್ ಹಿಡಿದುಕೊಂಡು ಕೂತಿದ್ದೆ. ನಾನು ಇಡೀ ಹರೆಯ ಹಾಕಿ ತೆರೆಯಲಾಗದ ಬಾಗಿಲನ್ನು ಆ ಟೈಲರಮ್ಮ ನಾಲ್ಕು ತಿಂಗಳಲ್ಲಿ ತೆರೆದಿದ್ದಳು. ನನ್ನ ಮೋರೆ ನೋಡಿ ಅತ್ತೆ "ಯಾರು ತೀರ್ಕೊಂಡ್ರು?" ಎಂದು ಕೇಳಿದರು.

ಆ ದಿನಗಳಲ್ಲಿ ಏಳು ಗಂಟೆಗೆ ಬರುತ್ತಿದ್ದದ್ದು ಅಕ್ಕತಂಗಿಯರ ಕಥೆ. ಇಬ್ಬರೂ ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿರುತ್ತಾರೆ. ಅಕ್ಕ ಎಂದರೆ ಸಾಕ್ಷಾತ್ ಭೂಮಿತಾಯಿ. ತಂಗಿಗೆ ಮಾತ್ರ ದಪ್ಪ ಕಾಡಿಗೆ, ಕೆಂಪು ಲಿಪ್‌ಸ್ಟಿಕ್, ಹಾಲಿಗೆ ಏನಾದರೊಂದು ಬೆರೆಸುವ ಕೆಲಸ. ಬರೆಯುವವರಿಗೆ ತಂಗಿಯರ ಮೇಲೆ ಅದೇನು ಹಗೆಯೋ. ಎಲ್ಲ ಕಥೆಯಲ್ಲೂ ಒಳ್ಳೆಯತನ ಮೊದಲು ಹುಟ್ಟಿದವಳಿಗೆ ಹೋಗಿಬಿಡುತ್ತದೆ, ಆಮೇಲೆ ಹುಟ್ಟಿದವಳಿಗೆ ತಳದಲ್ಲಿ ಉಳಿದದ್ದು. ಈ ತಂಗಿ ಒಂದು ದಿನ ತಿರುಗಿಕೊಳ್ಳುತ್ತಾಳೆ, ಒಳ್ಳೆಯವಳಾಗುತ್ತಾಳೆ ಎಂದು ನಾನು ಅಕ್ಕನಿಗೆ ಹೇಳಿದೆ.

ಯಾವತ್ತಿನಂತೆ "ಅಯ್ಯೋ, ಔದಾ?" ಬರಲಿಲ್ಲ. ಅಕ್ಕನ ಬಾಯಿಂದ ಥಟ್ಟನೆ, "ಇಲ್ಲ ಬಿಡು, ಅವ್ಳು ಕೊನೇಗಂಟ ಅಂಗೇ ಇರ್ತಾಳೆ" ಎಂದು ಬಂತು. ಆಮೇಲೆ, "ಅಂದ್ರೆ, ನಂಗನ್ಸುತ್ತೆ" ಎಂದು ಸೇರಿಸಿದಳು.

ನನಗೆ ಗೊತ್ತಾಗಿಹೋಯಿತು. ಇದು ಅಕ್ಕನ ಮಾತಲ್ಲ, ಪಕ್ಕದವಳ ಮಾತು. ಈ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆ ಕಡೆಯವರಿಗೆ ಹೇಳಬೇಕು. ನಮ್ಮಲ್ಲಿ ಒಂದೇ ಕಥೆ ಮೂರು ಭಾಷೆಯಲ್ಲಿ ಮನೆಗೆ ಬರುತ್ತದೆ. ತಮಿಳಿನಲ್ಲೋ ತೆಲುಗಿನಲ್ಲೋ ಮೊದಲು ಬಂದು ಓಡಿದ್ದು ಆಮೇಲೆ ಕನ್ನಡದಲ್ಲಿ ಹೊಸ ಸೀರೆ ಉಟ್ಟುಕೊಂಡು ಬರುತ್ತದೆ. ಪಕ್ಕದವಳು ತಮಿಳಿನದನ್ನು ನೋಡಿದ್ದಾಳೆ, ಅಕ್ಕನ ಕಿವಿಗೆ ಊದುತ್ತಿದ್ದಾಳೆ. ನಾನು ಚಪ್ಪಲಿ ಸವೆದದ್ದು ನೋಡಿ, ತಲೆ ಕೆಡಿಸಿಕೊಂಡು ಕಂಡುಹಿಡಿಯುವುದನ್ನು ಅವಳು ಕೂತಲ್ಲೇ ಕಾಪಿ ಹೊಡೆದು ಹೇಳುತ್ತಿದ್ದಾಳೆ. ಸಿನಿಮಾ ಟಾಕೀಸಿನಲ್ಲಿ ಹಿಂದಿನ ಸೀಟಿನಿಂದ ಕಥೆ ಹೇಳುವವರಿಗೂ ಇವಳಿಗೂ ಏನು ವ್ಯತ್ಯಾಸ?

ಅವಳಿಗೆ ತಮಿಳಿದ್ದರೆ ನನಗೆ ತೆಲುಗಿದೆ ಎಂದುಕೊಂಡೆ. ನಮ್ಮತ್ತೆಯ ತೌರು ಆಂಧ್ರದ ಗಡಿ ದಾಟಿದ ಮೇಲಿನ ಊರು, ಮನೆಯಲ್ಲಿ ಅರ್ಧ ಮಾತು ತೆಲುಗೇ. ಅಕ್ಕತಂಗಿಯರ ಕಥೆ ತೆಲುಗಿನಲ್ಲಿ ಇದೆಯಾ ಎಂದು ಕೇಳಿದೆ. ಅತ್ತೆ ಎಲೆಗೆ ಸುಣ್ಣ ಸವರುತ್ತ, "ಅದಿ ಎಪ್ಪುಡೋ ಅಯಿಪೋಯಿಂದಿ ಕದಮ್ಮಾ" ಎಂದರು. ಯಾವಾಗಲೋ ಮುಗಿದಿದೆ. ಇಷ್ಟು ದಿನ ಮನೆಯಲ್ಲೇ ನಿಧಿ ಇಟ್ಟುಕೊಂಡು ನಾನು ಚಪ್ಪಲಿ ನೋಡುತ್ತ ಕೂತಿದ್ದೆ. ಅಂತ್ಯ ಹೇಳಿ ಎಂದರೆ ಅತ್ತೆಗೆ ನೆನಪಿಲ್ಲ, ಬೇರೆ ನಾಲ್ಕು ಕಥೆ ಸೇರಿಸಿ ಹೇಳಿದರು. ಹಾಗಾಗಿ ಮಧ್ಯಾಹ್ನದ ಹೊತ್ತು ಕೊಟ್ಟಿಗೆಯ ಪಕ್ಕ ಕೂತು ಫೋನಿನಲ್ಲಿ ಅದನ್ನು ಹಾಕಿಕೊಂಡು ನೋಡಿದೆ. ಹಾಡು, ಹಬ್ಬ, ಕಣ್ಣೀರು ಎಲ್ಲ ಓಡಿಸಿಕೊಂಡು ನೇರ ಕೊನೆಗೆ ಹೋದೆ.

ಅಲ್ಲಿ ನಾನು ಹೇಳಿದ್ದೇ ಆಗಿತ್ತು. ತಂಗಿ ತಿರುಗಿಕೊಂಡಿದ್ದಳು. ಅಕ್ಕನಿಗೆ ಕಾಯಿಲೆ ಬಂದಾಗ ತನ್ನ ಕಿಡ್ನಿಯನ್ನೇ ಕೊಟ್ಟಿದ್ದಳು. ಕಾಡಿಗೆ ತೆಳುವಾಗಿತ್ತು, ಲಿಪ್‌ಸ್ಟಿಕ್ ಹೋಗಿತ್ತು, ಆಸ್ಪತ್ರೆಯ ಮಂಚದಲ್ಲಿ ಅಕ್ಕತಂಗಿ ಕೈ ಹಿಡಿದುಕೊಂಡಿದ್ದರು. ಸೀರಿಯಲ್ ನೋಡಿ ಅಳುವವರನ್ನು ಬಯ್ಯುವ ನಾನೇ ಅತ್ತುಬಿಟ್ಟೆ. ಅಳುತ್ತಲೇ, ಟೈಲರಮ್ಮನ ಎದುರಿಗೇ ಇದನ್ನು ಹೇಳಬೇಕು, ಫೋನಿನಲ್ಲಿ ಹೇಳಿದರೆ ಮಜಾ ಇಲ್ಲ ಎಂದು ತೀರ್ಮಾನಿಸಿದೆ.

ಅವರೆಕಾಯಿ ಕಾಲ. ಬರಿಗೈಯಲ್ಲಿ ಹೋಗುವುದು ಬೇಡ, ಅಕ್ಕನಿಗೆ ಹಿತಕಿದ ಬೇಳೆ ಒಯ್ಯೋಣ ಎಂದು ಶನಿವಾರ ಅವರೆಕಾಳು ನೆನೆಹಾಕಿ, ಒಂದೊಂದೇ ಕಾಳನ್ನು ಬೆರಳಲ್ಲಿ ಹಿತಕಿ ಸಿಪ್ಪೆ ಬಿಡಿಸಿದೆ. ಈ ಕೆಲಸವನ್ನು ಒಬ್ಬರೇ ಮಾಡಬಾರದು. ಅಮ್ಮನ ಮನೆಯಲ್ಲಿ ಇದು ನಮ್ಮಿಬ್ಬರದು. ಟಿವಿ ಎದುರು ಒಂದೇ ತಟ್ಟೆಯ ಎರಡು ಕಡೆ ಕೂತು ಹಿತಕುತ್ತಿದ್ದೆವು. ನಾನು ಬೇಕೆಂದೇ ಕಾಳನ್ನು ಅಕ್ಕನ ಮುಖಕ್ಕೆ ಹಾರುವ ಹಾಗೆ ಹಿತಕುತ್ತಿದ್ದೆ.

ಭಾನುವಾರ ಬೆಳಿಗ್ಗೆ ಬಂಗಾರಪೇಟೆಯಲ್ಲಿ ಊರಿಗಾಂ ಮೇಲೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದೆ. ಡಬ್ಬಿ ತೊಡೆಯ ಮೇಲೆ. ಗಣಿಯವರು ಸುರಿದ ಸೈನೈಡ್ ಮಣ್ಣಿನ ದಿಬ್ಬಗಳು ಕಾಣುವವರೆಗೆ ಮನಸ್ಸಿನಲ್ಲೇ ಹೇಳಿ ಹೇಳಿ ನೋಡಿಕೊಂಡೆ. ಮೊದಲು ಸುಮ್ಮನಿರಬೇಕು. ಅವಳು ತಮಿಳಿನ ಕಥೆ ಎತ್ತಲಿ. ಆಮೇಲೆ ನಿಧಾನವಾಗಿ, ಅಯ್ಯೋ ಅದು ಹಾಗಲ್ಲವಲ್ಲ, ಎನ್ನಬೇಕು. ಕಿಡ್ನಿ ಎನ್ನುವ ಮಾತನ್ನು ಕೊನೆಗೆ ಬಿಡಬೇಕು.

ಅಕ್ಕನ ಮನೆ ಬಾಗಿಲು ತೆರೆದೇ ಇತ್ತು. ಒಳಗೆ ಟಿವಿ, ಅದರ ಎದುರು ಚಾಪೆ, ಚಾಪೆಯ ನಡುವೆ ದೊಡ್ಡ ಸ್ಟೀಲ್ ತಟ್ಟೆ. ತಟ್ಟೆಯ ಒಂದು ಕಡೆ ಅಕ್ಕ, ಇನ್ನೊಂದು ಕಡೆ ಅವಳು. ಇಬ್ಬರೂ ಅವರೆಕಾಳು ಹಿತಕುತ್ತಿದ್ದರು. ಅವಳಿಗೆ ಸರಿಯಾಗಿ ಬರುತ್ತಿರಲಿಲ್ಲ, ಬೇಳೆ ಪುಟಕ್ಕನೆ ಹಾರಿ ಅಕ್ಕನ ಮಡಿಲಿಗೆ ಬಿತ್ತು. ಅಕ್ಕ ಅವಳ ಕೈ ಹಿಡಿದು, "ಇಂಗೆ, ಉಗುರು ತಾಕಿಸ್ದಂಗೆ" ಎಂದು ಕಲಿಸುತ್ತಿದ್ದಳು. ನನಗೆ ಬಾಗಿಲಲ್ಲೇ ನಿಂತು ಬಾಯಿಗೆ ಸೆರಗು ಹಿಡಿದು ಓಡಿಹೋಗಬೇಕು ಎನ್ನಿಸಿತು. ರೈಲು ವಾಪಸ್ಸು ಬರುವುದು ತಡ ಎಂದು ನಿಂತೆ.

"ಏನೇ, ಯೋಳ್ದೆ ಕೇಳ್ದೆ ಬಂದ್ಬುಟ್ಟೆ" ಎಂದು ಅಕ್ಕ ಎದ್ದಳು. ಅವಳ ಮುಖ ಅರಳಿದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪಕ್ಕದವಳ ಮುಖ ಇನ್ನೂ ಜಾಸ್ತಿ ಅರಳಿತು. ದುಂಡು ಮೈ, ನೈಟಿಯ ಮೇಲೆ ಟವೆಲ್, ಕುತ್ತಿಗೆಯಲ್ಲಿ ಅಳತೆಯ ಟೇಪು. "ವಾಮ್ಮಾ ವಾ, ತಂಗಚ್ಚಿ ವಂದಾಚ್ಚು" ಎಂದು ತಾನೇ ಮನೆಯವಳ ಹಾಗೆ ನನ್ನನ್ನು ಕರೆದು, ಚಾಪೆಯ ಮೇಲೆ ಜಾಗ ಬಿಟ್ಟಳು. ನನ್ನ ಅಕ್ಕನ ಮನೆಯಲ್ಲಿ ನನಗೆ ಜಾಗ ಬಿಡಲು ಇವಳ್ಯಾರು ಎಂದುಕೊಂಡು ಕೂತೆ. ಡಬ್ಬಿಯನ್ನು ತೆಗೆಯಲಿಲ್ಲ, ಬೆನ್ನ ಹಿಂದೆ ತಳ್ಳಿದೆ.

ಟಿವಿಯಲ್ಲಿ ವಾರದ ಕಂತುಗಳನ್ನೆಲ್ಲ ಒಟ್ಟಿಗೆ ಸೇರಿಸಿ ಹಾಕಿದ್ದರು. ಕಾಡಿಗೆಯ ತಂಗಿ ಯಾವುದೋ ಬೀರುವಿನ ಬೀಗದಕೈ ಕದಿಯುತ್ತಿದ್ದಳು. ಅಕ್ಕ, "ನೋಡು ಕಳ್ಳಿ" ಎಂದಳು. ಅಷ್ಟು ಸಾಕಾಯಿತು ನನಗೆ. ರೈಲಿನಲ್ಲಿ ಕಟ್ಟಿಕೊಂಡು ಬಂದ ನಿಧಾನವೆಲ್ಲ ಎಲ್ಲಿ ಹೋಯಿತೋ.

"ಈ ತಂಗೀನೇ ಕೊನೆಗೆ ಕಿಡ್ನಿ ಕೊಡೋದು" ಎಂದುಬಿಟ್ಟೆ. "ಅಕ್ಕಂಗೆ ಕಾಯಿಲೆ ಬತ್ತದೆ. ಯಾರೂ ಇಲ್ದಾಗ ತಂಗಿ ಬತ್ತಾಳೆ. ಅಕ್ಕಪಕ್ಕದೋರು ಯಾರೂ ಬರಲ್ಲ."

ಅಕ್ಕಪಕ್ಕದವರ ಮಾತು ಕಥೆಯಲ್ಲಿ ಇರಲಿಲ್ಲ, ನಾನು ಸೇರಿಸಿದ್ದು.

ಅಕ್ಕ ಎಂದಿನಂತೆ "ಅಯ್ಯೋ, ಔದಾ?" ಎಂದಳು. ಪಕ್ಕದವಳು ಮಾತ್ರ ಕಾಳು ಕೆಳಗಿಟ್ಟು ಯೋಚಿಸಿದಳು. ಅವಳ ಕನ್ನಡ ತಮಿಳಿನ ಗಾಡಿಯಲ್ಲಿ ಕೂತು ಬರುತ್ತದೆ. "ಇಲ್ಲಮ್ಮಾ, ಅದು ತೆಲುಗುಲ ಇರ್ಬೇಕು. ತಮಿಳ್‌ಲ ಅಪ್ಪಡಿ ಇಲ್ಲ. ತಂಗಚ್ಚಿ ಜೈಲ್‌ಗೆ ಓಗ್ತಾಳೆ. ನಿಮ್ಮಕ್ಕನ್ನೇ ಕೇಳು, ಅವ್ರು ತಮಿಳ್‌ದು ಪೂರ್ತಿ ನೋಡವ್ರಲ್ಲ."

ಅಕ್ಕ ತಟ್ಟೆ ನೋಡಿದಳು.

"ಯಾವಾಗ ನೋಡ್ದೆ?" ಎಂದೆ.

ಅಕ್ಕನ ಬದಲು ಅವಳೇ ಹೇಳಿದಳು, ಅದರಲ್ಲಿ ಮುಚ್ಚಿಡುವುದೇನಿದೆ ಎನ್ನುವ ಹಾಗೆ. "ಈ ಲೈನ್‌ಲ ಯಾರಮ್ಮಾ ತಮಿಳ್ ನೋಡ್ದೇ ಇರೋರು? ನಾನು ಬರೋಕ್ ಮುಂಚೇನೇ ನಿಮ್ಮಕ್ಕ ಎಲ್ಲಾ ನೋಡವ್ರೆ. ಆ ಗಾಲಿಕುರ್ಚಿ ತಾತಂದು, ಗಡ್ಡದ ಗಂಡಂದು, ಎಲ್ಲಾನೂ. ನೀನು ಫೋನ್‌ಲ ಕಥೆ ಯೋಳ್ವಾಗ ಅವ್ರು ಏನೂ ಗೊತ್ತಿಲ್ದಂಗೆ ಅಯ್ಯೋ ಔದಾ ಅಂತಾರಲ್ಲ, ನಂಗೆ ಸಿರಿಪ್ಪು, ನಗು ತಡಿಯಾಕಾಗಲ್ಲ. ಬಾಯ್ಗೆ ಟವೆಲ್ ಇಟ್ಕೊಂಡ್ಬಿಡ್ತೀನಿ."

ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಕೆಟ್ಟ ಮನಸ್ಸಿನವಳಾಗಿದ್ದರೆ ನನಗೆಷ್ಟೋ ಸುಲಭವಾಗುತ್ತಿತ್ತು.

ನಾನು ಎದ್ದು ಹಿಂದಿನ ಬಾಗಿಲಿನಿಂದ ನೀರಿನ ಡ್ರಮ್ಮುಗಳಿರುವ ಕಡೆ ಹೋದೆ. ಸವೆದ ಚಪ್ಪಲಿ, ಒಳ್ಳೆಯ ನಟಿಯಾದ ಕೆಲಸದವಳು, ನನ್ನ ಇಷ್ಟು ವರ್ಷದ ಜಾಣತನವೆಲ್ಲ ಅಕ್ಕನಿಗೆ ಮೊದಲೇ ಗೊತ್ತಿದ್ದ ಕಥೆ. ಅಕ್ಕ ಮುಂದಿದ್ದಳು, ಇದರಲ್ಲಿಯೂ. ಹಿಂದಿರುವ ಹಾಗೆ ನಡೆದುಕೊಂಡಿದ್ದಳು, ಅಷ್ಟೇ. ಅದೂ ಹೋಗಲಿ. ಆ ನಾಟಕ ನಡೆಯುವಾಗ ಪಕ್ಕದಲ್ಲಿ ಕೂತು ನೋಡಲು ಅವಳೊಬ್ಬಳಿಗೆ ಟಿಕೆಟ್ ಕೊಟ್ಟಿದ್ದಳು. ನನಗೆ ಹೇಳದ ಗುಟ್ಟನ್ನು ಮೊನ್ನೆ ಮೊನ್ನೆ ಬಂದವಳಿಗೆ ಹೇಳಿದ್ದಳು. ಅಕ್ಕ ನಕ್ಕಿದ್ದು ಬರೀ ಹೋಟೆಲ್ ಸಪ್ಲೈಯರ್‌ಗೆ ಅಲ್ಲ, ನನಗೂ ಇರಬೇಕು ಎಂದು ಹೊಳೆದದ್ದೇ, ಆ ಡ್ರಮ್ಮನ್ನು ಒದೆಯಬೇಕು ಎನ್ನಿಸಿತು. ತುಂಬಿತ್ತು, ಕಾಲಿಗೆ ಏಟಾಗುತ್ತದೆಂದು ಬಿಟ್ಟೆ.

ಅಕ್ಕ ಚೊಂಬು ಹಿಡಿದುಕೊಂಡು ಬಂದಳು, ನೀರಿಗೆ ಬಂದವಳ ಹಾಗೆ.

"ನನ್ನ ಕುಣ್ಸಿ ಮಜಾ ತಗೊಂಡ್ರಾ ಇಬ್ರೂ?" ಎಂದೆ.

"ನಿನ್ನಾಣೆ ಇಲ್ಲ ಕಣೆ."

"ಮತ್ತೆ ಅವ್ಳು ಟವೆಲ್ ಯಾಕ್ ಇಟ್ಕೊಂತಾಳೆ ಬಾಯ್ಗೆ?"

"ಅವ್ಳಿಗೆ ಎಲ್ಲಾದಕ್ಕೂ ನಗು. ಸಾವಿಗೆ ಓದ್ರೂ ನಗ್ತಾಳೆ. ಅವ್ಳ ಜೊತೆ ಕೂತು ಕೂತು ನಂಗೂ ಅಂಟ್ಕೊಂಡೈತೆ."

"ಮೊದ್ಲೇ ಯೋಳ್ಬೋದಿತ್ತಲ್ಲ ನಂಗೆ. ಕಥೆ ಗೊತ್ತು, ನೀನು ಬಾಯಿ ನೋಯಿಸ್ಕೊಬೇಡ ಅಂತ."

ಅಕ್ಕ ಚೊಂಬನ್ನು ಡ್ರಮ್ಮಿನ ಮುಚ್ಚಳದ ಮೇಲಿಟ್ಟಳು. ನೀರು ತುಂಬಿಸಲಿಲ್ಲ.

"ಯೋಳಿದ್ರೆ ನೀನು ಫೋನ್ ಮಾಡ್ತಿದ್ದೇನೆ?" ಎಂದಳು. "ನಿಮ್ ಭಾವ ಆರಕ್ಕೇ ಓಗ್ಬುಡ್ತಾರೆ. ಮಗ್ಳು ಹಬ್ಬಕ್ಕೊಂದು ದಪ ಮಾಡ್ತಾಳೆ. ನೀನಾದ್ರೆ ಬ್ರೇಕ್ ಬ್ರೇಕ್‌ಗೂ ಮಾಡ್ತಿದ್ದೆ. ನಿಂಗೆ ಯೋಳೋದೈತೆ ಅಂತ ಮಾಡ್ತಿದ್ದೆ. ನಂಗೂ ಗೊತ್ತು ಅಂದಿದ್ರೆ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಮಾಡುತ್ತಿರಲಿಲ್ಲ. ಅಕ್ಕನಿಗೆ ಗೊತ್ತಿರುವುದನ್ನು ಅಕ್ಕನಿಗೇ ಹೇಳಲು ನಾನು ಫೋನ್ ಎತ್ತುವವಳಲ್ಲ. ಬೇರೆ ಯಾರಿಗಾದರೂ ಮಾಡುತ್ತಿದ್ದೆ.

"ಅವ್ಳಿಗ್ಯಾಕ್ ಯೋಳ್ದೆ?" ಎಂದೆ. ಅದೊಂದು ಕೇಳದೆ ನನ್ನಿಂದ ಇರಲಾಗಲಿಲ್ಲ.

"ನಾನೇನ್ ಯೋಳ್ಲಿಲ್ಲ. ಗೋಡೆ ಪಕ್ಕ ಇದ್ದೋಳಿಗೆ ಯೋಳ್ಬೇಕಾ? ನಿಂಗೆ ಯೋಳ್ಕೂಡದು ಅಂತ ಅವ್ಳ ಕೈಲಿ ಆಣೆ ಇಡ್ಸ್ಕೊಂಡಿದ್ದೆ. ಮುಂಡೇದು, ಮರ್ತ್ಬುಟ್ಳು."

ಅಕ್ಕ ಯಾರನ್ನಾದರೂ ಮುಂಡೇದು ಎಂದರೆ ಅದು ಪ್ರೀತಿ. ಅಲ್ಲಿಯವರೆಗೆ ಆ ಪದ ಲೋಕದಲ್ಲಿ ನನ್ನೊಬ್ಬಳದಾಗಿತ್ತು. ನಾನು ಚೊಂಬನ್ನು ತುಂಬಿಕೊಟ್ಟು ಒಳಗೆ ಬಂದೆ.

ಪಕ್ಕದವಳು ಎದ್ದು ನಿಂತಿದ್ದಳು. ತಾನು ಏನು ಮಾಡಿದೆನೆಂದು ಅಷ್ಟರಲ್ಲಿ ಅವಳಿಗೆ ತಿಳಿದಿತ್ತು, ಟೇಪನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ತಾನು ಹೊರಡುತ್ತೇನೆ ಎಂದಳು. ಹೋಗು ಎನ್ನಲು ನನ್ನ ಬಾಯಿಗೆ ಬಂದಿತ್ತು, ಆದರೆ ಅಕ್ಕ ಅವಳ ರಟ್ಟೆ ಹಿಡಿದು ಕೂರಿಸಿದಳು. ನಾನು ಡಬ್ಬಿ ತೆಗೆದು ತಟ್ಟೆಯ ಪಕ್ಕ ಇಟ್ಟೆ. ನನ್ನ ಬೇಳೆಯಲ್ಲಿ ಒಂದರ ಮೇಲೂ ಉಗುರಿನ ಗಾಯವಿಲ್ಲ ಎಂದು ಅವಳಿಗೆ ಕಾಣಲಿ ಎಂದೇ ಮುಚ್ಚಳ ತೆಗೆದಿಟ್ಟೆ. ಆಮೇಲೆ ಹೋಗಿ ಇಬ್ಬರ ನಡುವೆ ಕೂತೆ. ಚಾಪೆ ಅಗಲವಿರಲಿಲ್ಲ, ಪಕ್ಕದವಳು ಅರ್ಧ ನೆಲದ ಮೇಲೆ ಬಂದಳು. ನಾನು ಜರುಗಲಿಲ್ಲ.

ಸೀರಿಯಲ್ ಮುಗಿದಿತ್ತು. ಅಕ್ಕ ರಿಮೋಟ್ ಒತ್ತಿ ಒತ್ತಿ ತಮಿಳಿನ ಕಾಮಿಡಿ ಪಿಕ್ಚರೊಂದಕ್ಕೆ ತಂದು ನಿಲ್ಲಿಸಿದಳು. ಒಬ್ಬ ಮಾವ, ಮೂವರು ಅಳಿಯಂದಿರು, ಮೂವರೂ ಬೇರೆ ಬೇರೆ ಕೆಲಸದಲ್ಲಿದ್ದೇವೆಂದು ಸುಳ್ಳು ಹೇಳಿ ಮನೆ ಸೇರಿರುತ್ತಾರೆ. ಸುಳ್ಳು ಚಿಕ್ಕದೇ, ನನಗೆ ಇಷ್ಟವಾಗುವ ಜಾತಿಯದು. "ಇದು ನಾನು ನೋಡಿಲ್ಲ" ಎಂದಳು ಅಕ್ಕ, ಯಾರೂ ಕೇಳದೆಯೇ. ಆದರೆ ದೊಡ್ಡ ಅಳಿಯ ಬಾಗಿಲು ತೆರೆಯುವುದಕ್ಕೆ ಮುಂಚೆಯೇ ಅವಳ ಹೊಟ್ಟೆ ನನ್ನ ಮೊಣಕೈಗೆ ತಾಕಿ ನಗುವಿಗೆ ಕುಲುಕತೊಡಗಿತ್ತು. ಬಾಗಿಲು ಆಮೇಲೆ ತೆರೆಯಿತು.

ಆ ಕುಲುಕು ಮೊದಲ ಸಲ ನನ್ನ ಮೈಗೆ ತಾಕಿತ್ತು. ನಾನು ಸುಮ್ಮನೆ ಇರಬಹುದಿತ್ತು. ಬಾಯಿ ಕೇಳಬೇಕಲ್ಲ.

"ಈ ಮಾವಾನೂ ಸುಳ್ಳ. ಇವ್ನತ್ರ ಆಸ್ತಿ ಏನೂ ಇಲ್ಲ, ನೋಡ್ತಿರಿ" ಎಂದೆ.

ಅಕ್ಕ "ಅಯ್ಯೋ" ಎಂದಳು. "ಔದಾ" ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡು ನನ್ನ ಮುಖ ನೋಡಿದಳು. ಅವಳ ಕಳ್ಳತನ ಕಣ್ಣಲ್ಲೇ ಕಾಣುತ್ತಿತ್ತು. ನಾನು ಈ ಕಡೆ ತಿರುಗಿ ಪಕ್ಕದವಳನ್ನು ನೋಡಿದೆ. ಅವಳು ಟಿವಿಯಿಂದ ಕಣ್ಣು ಕೀಳಲಿಲ್ಲ, ಟವೆಲ್ ಮುಟ್ಟಲಿಲ್ಲ. ಕಾಳೊಂದನ್ನು ಮೆಲ್ಲಗೆ ಹಿತಕಿ, ಕಣ್ಣು ಅಗಲಿಸಿ, "ಅಪ್ಪಡಿಯಾ? ನಂಗೆ ಅನ್ಸ್ಲೇ ಇಲ್ಲಮ್ಮಾ. ಅದೆಂಗೆ ಗೊತ್ತಾಯ್ತು ನಿನಕ್ಕೆ?" ಎಂದಳು.

ಅವಳು ಆ ಪಿಕ್ಚರನ್ನು ಎಷ್ಟು ಸಲ ನೋಡಿದ್ದಳೋ. ಆದರೂ ಅವಳ ಮುಖದಲ್ಲಿ ಎಳ್ಳಷ್ಟೂ ಸುಳ್ಳು ಕಾಣಲಿಲ್ಲ. ನನಗೋಸ್ಕರ ಅಕ್ಕನಿಗಿಂತ ಚೆನ್ನಾಗಿ ನಟಿಸಿದಳು, ಮತ್ತು ನನಗೆ ಅದಕ್ಕೂ ಹೊಟ್ಟೆ ಉರಿಯಿತು, ಅಕ್ಕನ ಪರವಾಗಿ.